ಬಸವನಹುಳದ ಬೋರ್ಡ್ ಹಾಕಿಕೊಂಡ ಊರುಗಳು: ನಿಧಾನದ ಬದುಕಿನಿಂದ ಸಣ್ಣ ಪಟ್ಟಣಕ್ಕೆ ಏನು ಸಿಗುತ್ತದೆ?

ಫೋನ್ ತೆಗೆದರೆ ಸಾಕು, 'ಸ್ಲೋ ಲಿವಿಂಗ್' ರೀಲ್ಸ್ ಸಾಲುಗಟ್ಟಿ ಬರುತ್ತವೆ. ಮಂಜು ಮುಸುಕಿದ ಬೆಟ್ಟ, ಹೋಮ್‌ಸ್ಟೇ ಜಗಲಿ, ಕೈಯಲ್ಲೊಂದು ಕಾಫಿ ಲೋಟ, ಹಿನ್ನೆಲೆಯಲ್ಲಿ ಕೊಳಲು. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಕೂತು ಅದನ್ನು ನೋಡುವವರಿಗೆ 'ಸಾಕಪ್ಪಾ ಈ ಓಟ, ಯಾವುದಾದರೂ ಸಣ್ಣ ಊರಿಗೆ ಹೋಗಿ ಇದ್ದುಬಿಡೋಣ' ಅನ್ನಿಸುವುದು ಸಹಜ. ಆದರೆ ಆ ಸಣ್ಣ ಊರಿನವರ ಕಡೆಯಿಂದ ನೋಡಿದರೆ ಪ್ರಶ್ನೆಯೇ ಬೇರೆ. ನಿಧಾನ ಹುಡುಕಿಕೊಂಡು ಬರುವವರಿಂದ ಊರಿಗೆ ಏನು ಲಾಭ? ಅಲ್ಲಿನ ಅಂಗಡಿಯವರು, ರೈತರು, ಬಾಡಿಗೆ ಮನೆಯಲ್ಲಿ ಇರುವವರ ಗತಿ ಏನು?

ಇದನ್ನು ತಿಳಿಯಲು ಒಂದು ಹಳೆಯ ಪ್ರಯೋಗ ಇದೆ. 1999ರಲ್ಲಿ ಇಟಲಿಯ ನಾಲ್ಕು ಸಣ್ಣ ಊರುಗಳ ಮೇಯರ್‌ಗಳು ಸೇರಿ ಒಂದು ಒಕ್ಕೂಟ ಕಟ್ಟಿಕೊಂಡರು. ಹೆಸರು ಚಿತ್ತಾಸ್ಲೋ, ಅಂದರೆ ನಿಧಾನದ ಊರು. ಈಗ 30ಕ್ಕೂ ಹೆಚ್ಚು ದೇಶಗಳ ಸುಮಾರು 300 ಊರುಗಳು ಇದರಲ್ಲಿ ಇವೆ. ಇಷ್ಟು ವರ್ಷಗಳಲ್ಲಿ ಏನು ಕೆಲಸ ಮಾಡಿತು, ಏನು ಕೈಕೊಟ್ಟಿತು ಅಂತ ನೋಡಲು ಬೇಕಾದಷ್ಟು ಉದಾಹರಣೆಗಳು ಸಿಗುತ್ತವೆ.

## ಜಗಳ ಶುರುವಾದದ್ದು ಬರ್ಗರ್‌ನಿಂದ

1986ರಲ್ಲಿ ರೋಮ್ ನಗರದ ಸ್ಪ್ಯಾನಿಷ್ ಸ್ಟೆಪ್ಸ್ ಪಕ್ಕದಲ್ಲೇ ಮೆಕ್‌ಡೊನಾಲ್ಡ್ಸ್ ಬಂತು. ಹಳೆಯ, ಚಂದದ ಚೌಕ. ಜನ ಸಿಟ್ಟಾದರು. ಕಾರ್ಲೊ ಪೆತ್ರಿನಿ ಎಂಬ ಪತ್ರಕರ್ತ ಮತ್ತು ಅವರ ಗೆಳೆಯರು ಘೋಷಣೆ ಕೂಗುವುದರ ಜೊತೆಗೆ ಬಟ್ಟಲಲ್ಲಿ ಪಾಸ್ತಾ ಹಾಕಿ ಹಂಚಿದರು. 'ನಿಮ್ಮದು ಫಾಸ್ಟ್ ಫುಡ್ ಆದರೆ ನಮ್ಮದು ಸ್ಲೋ ಫುಡ್' ಎನ್ನುವ ಮಾತು ಅಲ್ಲಿಂದ ಹರಡಿತು. 1989ರಲ್ಲಿ ಪ್ಯಾರಿಸ್‌ನಲ್ಲಿ ಹಲವು ದೇಶದವರು ಸೇರಿ ಸ್ಲೋ ಫುಡ್ ಪ್ರಣಾಳಿಕೆಗೆ ಸಹಿ ಹಾಕಿದರು. ಅಂದಹಾಗೆ, ರೋಮ್‌ನ ಆ ಮೆಕ್‌ಡೊನಾಲ್ಡ್ಸ್ ಎಲ್ಲೂ ಹೋಗಲಿಲ್ಲ. ಪ್ರತಿಭಟನೆ ಸೋತಿತು, ಚಳವಳಿ ಗೆದ್ದಿತು ಅನ್ನಬಹುದು.

ಸ್ಲೋ ಫುಡ್‌ನವರ ವಾದ ಊಟದ ಬಗ್ಗೆ ಇತ್ತು. ಸ್ಥಳೀಯ ತಳಿ, ಸ್ಥಳೀಯ ಅಡುಗೆ, ಬೆಳೆದವನಿಗೆ ಸರಿಯಾದ ಬೆಲೆ. ಟಸ್ಕನಿ ಪ್ರಾಂತ್ಯದ ಗ್ರೇವೆ ಇನ್ ಕಿಯಾಂತಿ ಊರಿನ ಮೇಯರ್ ಪಾವ್ಲೊ ಸತುರ್ನಿನಿ ಇದನ್ನು ಒಂದು ಹೆಜ್ಜೆ ಮುಂದೆ ಒಯ್ದರು. ತಟ್ಟೆಗೆ ಹೊಂದುವ ನಿಯಮ ಇಡೀ ಊರಿಗೆ ಯಾಕೆ ಹೊಂದಬಾರದು ಅನ್ನುವುದು ಅವರ ಪ್ರಶ್ನೆ. ಓರ್ವಿಯೇತೊ, ಬ್ರಾ ಮತ್ತು ಪೊಸಿತಾನೊ ಊರಿನ ಮೇಯರ್‌ಗಳು ಕೈಜೋಡಿಸಿದರು.

ಇಲ್ಲಿ ಒಂದು ವಿಷಯ ಗಮನಿಸಿ. ಇದನ್ನು ಶುರು ಮಾಡಿದವರು ಯೋಗ ಗುರುಗಳಲ್ಲ, ಪುರಸಭೆ ನಡೆಸುವವರು. ಹಾಗಾಗಿ ಅವರ 'ನಿಧಾನ'ದಲ್ಲಿ ಧ್ಯಾನಕ್ಕಿಂತ ಚರಂಡಿ, ಬೀದಿದೀಪ, ಪಾರ್ಕಿಂಗ್ ವಿಚಾರವೇ ಜಾಸ್ತಿ.

## ಬಸವನಹುಳು ಸುಮ್ನೆ ಸಿಗುವುದಿಲ್ಲ

ಸದಸ್ಯ ಊರುಗಳು ಒಂದು ಲಾಂಛನ ಬಳಸಬಹುದು: ಬೆನ್ನ ಮೇಲೆ ಊರನ್ನೇ ಹೊತ್ತ ಕಿತ್ತಳೆ ಬಣ್ಣದ ಬಸವನಹುಳು. ಅದು ಬೇಕಾದರೆ ಮೊದಲನೆಯ ಷರತ್ತು, ಊರಿನ ಜನಸಂಖ್ಯೆ 50 ಸಾವಿರ ಮೀರಿರಬಾರದು. ಆಮೇಲೆ 7 ವಿಭಾಗಗಳಲ್ಲಿ ಒಟ್ಟು 72 ಅಂಶಗಳ ಪಟ್ಟಿ ಇದೆ. ಒಂದೊಂದಕ್ಕೂ ಅಂಕ. ಅರ್ಧಕ್ಕಿಂತ ಹೆಚ್ಚು ಅಂಕ ಬಂದರೆ ಪಾಸ್. ಜನಸಂಖ್ಯೆಗೆ ತಕ್ಕಂತೆ ವಾರ್ಷಿಕ ಶುಲ್ಕ ಕಟ್ಟಬೇಕು. ಐದು ವರ್ಷಕ್ಕೊಮ್ಮೆ ಮತ್ತೆ ತಪಾಸಣೆ ನಡೆಯುತ್ತದೆ.

ಪಟ್ಟಿಯಲ್ಲಿ ಏನೇನಿದೆ ನೋಡಿದರೆ ಸ್ವಲ್ಪ ಆಶ್ಚರ್ಯ ಆಗುತ್ತದೆ. ಗಾಳಿ ಮತ್ತು ಕುಡಿಯುವ ನೀರಿನ ಗುಣಮಟ್ಟ, ಕಸ ವಿಂಗಡಣೆ, ಸೈಕಲ್ ದಾರಿ, ಅಂಗವಿಕಲರು ಓಡಾಡಲು ಅನುಕೂಲ, ರಾತ್ರಿ ಅತಿಯಾದ ಬೆಳಕಿಗೆ ಕಡಿವಾಣ, ಸದ್ದಿಗೆ ಮಿತಿ. ಇದೆಲ್ಲ ಯಾವ ಊರಿಗಾದರೂ ಬೇಕಾದದ್ದೇ. ಇದರ ಜೊತೆಗೆ ಇನ್ನೊಂದು ಗುಂಪಿನ ಅಂಶಗಳಿವೆ: ಶಾಲೆ ಮತ್ತು ಸರ್ಕಾರಿ ಕ್ಯಾಂಟೀನ್‌ಗಳಲ್ಲಿ ಊರ ಸುತ್ತಮುತ್ತ ಬೆಳೆದದ್ದನ್ನೇ ಬಳಸುವುದು, ಸಾಂಪ್ರದಾಯಿಕ ಕಸುಬು ಮತ್ತು ಸಂತೆಗೆ ಜಾಗ ಕೊಡುವುದು, ಕುಲಾಂತರಿ ಬೆಳೆ ಬೇಡ ಅನ್ನುವುದು, ಮಕ್ಕಳಿಗೆ ರುಚಿಯ ಪಾಠ ಹೇಳುವುದು. ಊರಿನ ಹಣಕಾಸು ಬದಲಾಗುವುದು ಈ ಎರಡನೇ ಗುಂಪಿನಿಂದ.

ಹೀಗಾಗಿ ನಿಧಾನ ಅಂದರೆ ಸೋಮಾರಿತನ ಅಂತಲೋ, ಇಂಟರ್ನೆಟ್ ಬೇಡ, ಕಾರು ಬೇಡ ಅಂತಲೋ ಅಲ್ಲ. ಹೊಸ ತಂತ್ರಜ್ಞಾನಕ್ಕೆ ಈ ಪಟ್ಟಿಯಲ್ಲೇ ಜಾಗ ಇದೆ. ಓರ್ವಿಯೇತೊ ಇದಕ್ಕೆ ಒಳ್ಳೆಯ ಉದಾಹರಣೆ. ಮೆತ್ತನೆಯ ಜ್ವಾಲಾಮುಖಿ ಕಲ್ಲಿನ ಗುಡ್ಡದ ಮೇಲೆ ಕೂತ ಊರು ಅದು. ಅಡಿಯಲ್ಲಿ ನೂರಾರು ಗುಹೆಗಳು. ರೈಲು ನಿಲ್ದಾಣ ಗುಡ್ಡದ ಕೆಳಗೆ. 1888ರಲ್ಲಿ ಅಲ್ಲಿ ನೀರಿನ ಭಾರದಿಂದ ಓಡುವ ಹಗ್ಗದ ರೈಲು ಇತ್ತು, ಮುಂದೆ ಅದು ನಿಂತುಹೋಯಿತು. 1990ರಲ್ಲಿ ವಿದ್ಯುತ್ ಹಾಕಿ ಮತ್ತೆ ಶುರು ಮಾಡಿದರು. ಗುಡ್ಡದ ಬುಡದಲ್ಲೇ ಕಾರು ನಿಲ್ಲಿಸಿ, ಬಂಡೆಯೊಳಗೆ ಕೊರೆದ ಎಸ್ಕಲೇಟರ್ ಹತ್ತಿ ಪೇಟೆಗೆ ಬರುವ ವ್ಯವಸ್ಥೆಯೂ ಇದೆ. ಮೇಲೆ ಬಂದವರು ನಡೆಯುತ್ತಾರೆ. ನಡೆಯುವವರ ಕಣ್ಣಿಗೆ ಅಂಗಡಿ ಬೀಳುತ್ತದೆ. ಕಾರಲ್ಲಿ ಹೋಗುವವರ ಕಣ್ಣಿಗೆ ಬೀಳುವುದು ಪಾರ್ಕಿಂಗ್ ಜಾಗ ಮಾತ್ರ ಅಲ್ವಾ?

## ಬಂದ ದುಡ್ಡು ಎಷ್ಟು ಕೈ ದಾಟುತ್ತದೆ?

ಈಗ ಹಣದ ವಿಚಾರಕ್ಕೆ ಬರೋಣ. ಹೊಲಕ್ಕೆ ಬೀಳುವ ಮಳೆಯನ್ನು ನೆನಪಿಸಿಕೊಳ್ಳಿ. ಎರಡು ಹೊಲಕ್ಕೂ ಒಂದೇ ಮಳೆ. ಬದು ಇರುವ ಹೊಲದಲ್ಲಿ ನೀರು ನಿಂತು ಇಂಗುತ್ತದೆ. ಬದು ಇಲ್ಲದ ಹೊಲದಲ್ಲಿ ಅದೇ ನೀರು ಹರಿದು ಹಳ್ಳ ಸೇರುತ್ತದೆ. ಪ್ರವಾಸಿಗರ ದುಡ್ಡೂ ಹೀಗೇ. ಎಷ್ಟು ಬಂತು ಎನ್ನುವುದಕ್ಕಿಂತ ಎಷ್ಟು ಇಂಗಿತು ಎನ್ನುವುದು ಮುಖ್ಯ.

ಒಂದು ಸರಳ ಲೆಕ್ಕ. ಒಬ್ಬ ಪ್ರವಾಸಿ ಊರಲ್ಲಿ 100 ರೂಪಾಯಿ ಖರ್ಚು ಮಾಡಿದ ಅಂದುಕೊಳ್ಳಿ. ಅದನ್ನು ಪಡೆದ ಹೋಟೆಲಿನವರು ತರಕಾರಿ, ಹಾಲು, ಹಿಟ್ಟು ಎಲ್ಲವನ್ನೂ ಊರಿನವರಿಂದಲೇ ಕೊಂಡು, ಊರಿನ ಹುಡುಗರಿಗೇ ಸಂಬಳ ಕೊಟ್ಟರೆ ಅದರಲ್ಲಿ 60 ರೂಪಾಯಿ ಮತ್ತೆ ಊರಲ್ಲೇ ಖರ್ಚಾಗುತ್ತದೆ. ಆ 60ರಲ್ಲಿ ಇನ್ನೊಂದು ಸುತ್ತು 36, ಆಮೇಲೆ ಸುಮಾರು 22. ಹೀಗೆ ಕೂಡುತ್ತಾ ಹೋದರೆ ಮೊದಲ 100 ರೂಪಾಯಿಯಿಂದ ಊರಲ್ಲಿ ಒಟ್ಟು 250 ರೂಪಾಯಿಯ ವ್ಯವಹಾರ ನಡೆದಿರುತ್ತದೆ. ಅದೇ 100 ರೂಪಾಯಿ ದೊಡ್ಡ ಸರಣಿ ಅಂಗಡಿಗೆ ಹೋಗಿ, ಅದರಲ್ಲಿ 20 ಮಾತ್ರ ಊರಲ್ಲಿ ಉಳಿದರೆ? ಒಟ್ಟು ವ್ಯವಹಾರ 125 ರೂಪಾಯಿಗೆ ಮುಗಿಯುತ್ತದೆ. ಅರ್ಥಶಾಸ್ತ್ರದವರು ಇದನ್ನು ಗುಣಕ ಪರಿಣಾಮ ಅನ್ನುತ್ತಾರೆ. ಇಲ್ಲಿನ 60 ಮತ್ತು 20 ಬರೀ ಉದಾಹರಣೆಗೆ ಹಿಡಿದ ಸಂಖ್ಯೆಗಳು, ಊರಿಂದ ಊರಿಗೆ ಬದಲಾಗುತ್ತವೆ.

ಶಾಲೆಯ ಕ್ಯಾಂಟೀನ್‌ನಂಥ ಸಣ್ಣ ವಿಷಯಕ್ಕೆ ಚಿತ್ತಾಸ್ಲೋ ಯಾಕೆ ಅಂಕ ಕೊಡುತ್ತದೆ ಅಂತ ಈಗ ಗೊತ್ತಾಗುತ್ತದೆ. ಪ್ರವಾಸಿಗರು ಬೇಸಿಗೆಯಲ್ಲಿ ಬರುತ್ತಾರೆ, ಚಳಿಗಾಲದಲ್ಲಿ ಬರುವುದಿಲ್ಲ. ಶಾಲೆಯ ಮಕ್ಕಳು ವರ್ಷದ ಬಹುಪಾಲು ದಿನ ಊಟ ಮಾಡುತ್ತಾರೆ. ಪಕ್ಕದ ಹಳ್ಳಿಯ ರೈತನಿಗೆ ನಂಬಿಕಸ್ಥ ಗಿರಾಕಿ ಅಂದರೆ ಪ್ರವಾಸಿಗಿಂತ ಶಾಲೆಯೇ ಸರಿ.

## ಸೆಫೆರಿಹಿಸಾರ್: ಒಂದು ಸಂತೆಯ ಕಥೆ

ಲೆಕ್ಕ ಕಾಗದದ ಮೇಲೆ ಚೆನ್ನಾಗೇ ಇದೆ. ನೆಲದ ಮೇಲೆ ಹೇಗಿರುತ್ತದೆ ಅಂತ ನೋಡಲು ಟರ್ಕಿಗೆ ಹೋಗಬೇಕು.

ಇಜ್ಮಿರ್ ದೊಡ್ಡ ಬಂದರು ನಗರ. ಅಲ್ಲಿಂದ ನೈರುತ್ಯಕ್ಕೆ ಸುಮಾರು 45 ಕಿಲೋಮೀಟರ್ ದೂರದಲ್ಲಿ ಸಮುದ್ರದ ಅಂಚಿಗೆ ಸೆಫೆರಿಹಿಸಾರ್ ಎಂಬ ಪಟ್ಟಣ ಇದೆ. ಕಿತ್ತಳೆ ಜಾತಿಯ ಮ್ಯಾಂಡರಿನ್ ಹಣ್ಣಿಗೆ ಹೆಸರುವಾಸಿ. 2009ರಲ್ಲಿ ಮೇಯರ್ ಆದ ತುಂಚ್ ಸೊಯೆರ್ ಅದೇ ವರ್ಷ ಊರನ್ನು ಚಿತ್ತಾಸ್ಲೋಗೆ ಸೇರಿಸಿದರು. ಟರ್ಕಿಯಲ್ಲಿ ಇದೇ ಮೊದಲು. ಆಗ ಊರಿನ ಜನಸಂಖ್ಯೆ ಸುಮಾರು 30 ಸಾವಿರ.

ಸಿಗಾಜಿಕ್ ಅನ್ನುವುದು ಇದೇ ಊರಿಗೆ ಸೇರಿದ ಹಳೆಯ ಕೋಟೆ ಬಡಾವಣೆ. ಕೋಟೆ ಗೋಡೆಯ ಒಳಗೆ ಇಕ್ಕಟ್ಟಾದ ಓಣಿಗಳು, ಅಕ್ಕಪಕ್ಕ ಮನೆಗಳು. ಪುರಸಭೆ ಅಲ್ಲಿ ಭಾನುವಾರದ ಸಂತೆ ಶುರು ಮಾಡಿತು. ನಿಯಮ ಒಂದೇ: ಮಾರುವವರು ತಾವೇ ಬೆಳೆದದ್ದನ್ನು ಅಥವಾ ತಾವೇ ಮಾಡಿದ್ದನ್ನು ಮಾರಬೇಕು. ಸಗಟು ಮಾರುಕಟ್ಟೆಯಿಂದ ತಂದು ಗುಡ್ಡೆ ಹಾಕುವಂತಿಲ್ಲ.

ಸಣ್ಣ ನಿಯಮ, ಆದರೆ ಅದರಿಂದ ಆದದ್ದು ದೊಡ್ಡದು. ಓಣಿಯ ಮನೆಯ ಹೆಂಗಸರು ಬಾಗಿಲ ಮುಂದೆಯೇ ಮೇಜು ಹಾಕಿ ಕೂತರು. ದ್ರಾಕ್ಷಿ ಎಲೆಯಲ್ಲಿ ಅನ್ನ ಸುತ್ತಿದ ದೊಲ್ಮಾ, ಮ್ಯಾಂಡರಿನ್ ಜಾಮ್, ಮನೆಯ ಬ್ರೆಡ್ಡು, ಅರ್ಮೋಲಾ ಎಂಬ ಆ ಊರಿನದೇ ಚೀಸ್. ಅಡುಗೆಮನೆಯಲ್ಲಿ ದಿನಾ ಮಾಡುತ್ತಿದ್ದ ಕೆಲಸಕ್ಕೆ ಮೊದಲ ಬಾರಿಗೆ ಬೆಲೆ ಸಿಕ್ಕಿತು. ಅಂಗಡಿ ಬಾಡಿಗೆ ಇಲ್ಲ, ಮುಂಗಡ ಇಲ್ಲ, ದಲ್ಲಾಳಿ ಇಲ್ಲ. ಗಿರಾಕಿಯೂ ತೀರಾ ದೂರದವನಲ್ಲ, ಇಜ್ಮಿರ್‌ನಿಂದ ಕಾರು ಹತ್ತಿ ಬರುವ ಕುಟುಂಬ. ಹಣ ನೇರವಾಗಿ ಮಾಡಿದವರ ಕೈಗೆ, ಅದರಲ್ಲೂ ಹೆಂಗಸರ ಕೈಗೆ ಬಂತು.

ಇನ್ನೊಂದು ಕೆಲಸ ಬೀಜದ್ದು. ಟರ್ಕಿಯಲ್ಲಿ 2006ರ ಬೀಜ ಕಾನೂನಿನ ಪ್ರಕಾರ ನೋಂದಣಿ ಆಗದ ತಳಿಯ ಬೀಜವನ್ನು ವ್ಯಾಪಾರ ಮಾಡುವಂತಿಲ್ಲ. ಅಜ್ಜ ಅಜ್ಜಿಯ ಕಾಲದ ನಾಟಿ ತಳಿಗಳು ನೋಂದಣಿ ಪುಸ್ತಕದಲ್ಲಿ ಎಲ್ಲಿಂದ ಬರಬೇಕು? ಆದರೆ ಹಣ ಪಡೆಯದೆ ರೈತರು ತಮ್ಮತಮ್ಮಲ್ಲಿ ಬದಲಾಯಿಸಿಕೊಳ್ಳಲು ಅಡ್ಡಿ ಇಲ್ಲ. ಸೆಫೆರಿಹಿಸಾರ್ ಈ ಸಂದಿಯನ್ನೇ ಹಿಡಿಯಿತು. ಬೀಜ ವಿನಿಮಯದ ಹಬ್ಬ ಮಾಡಿತು, ನಾಟಿ ಬೀಜ ಕಾಪಾಡಲು ಕೇಂದ್ರ ತೆರೆಯಿತು. ಹತ್ತಿರದ ಹಳ್ಳಿಯಲ್ಲಿ ಉಳಿದುಕೊಂಡಿದ್ದ ಕರಾಕಿಲ್ಚಿಕ್ ಎಂಬ ಹಳೆಯ ಗೋಧಿಯನ್ನು ಬಿತ್ತಿ ಬೆಳೆಸಿದರು. ತೆನೆಯ ಮುಳ್ಳು ಕಪ್ಪಗಿರುವ ಗೋಧಿ ಅದು. ಈಗ ಅದರ ಬ್ರೆಡ್ಡಿಗೆ ಊರಾಚೆಯೂ ಹೆಸರಿದೆ.

ಇದರಲ್ಲಿ ಪುರಸಭೆ ಹಾಕಿದ ಬಂಡವಾಳ ಏನು? ಜಾಗ, ಒಂದು ನಿಯಮ, ಒಂದಷ್ಟು ಬೀಜ. ಬಸವನಹುಳದ ಹೆಸರು ಪತ್ರಿಕೆಗಳಲ್ಲಿ ಬಂದು ಜನರನ್ನು ಕರೆತಂದಿತು ನಿಜ. ಆದರೆ ಬಂದವರ ಹಣ ನಿಂತದ್ದು ಸಂತೆಯ ಆ ನಿಯಮದಿಂದ. ಹೆಸರು ಮಾತ್ರ ಇದ್ದು ನಿಯಮ ಇಲ್ಲದಿದ್ದರೆ ಲಾಭ ಆಗುತ್ತಿದ್ದದ್ದು ಸಗಟು ವ್ಯಾಪಾರಿಗಳಿಗೇ. ಸೆಫೆರಿಹಿಸಾರ್ ನೋಡಿ ಟರ್ಕಿಯ ಬೇರೆ ಊರುಗಳೂ ಅರ್ಜಿ ಹಾಕಿದವು. ಈಗ ಆ ದೇಶದ 20ಕ್ಕೂ ಹೆಚ್ಚು ಊರುಗಳು ಪಟ್ಟಿಯಲ್ಲಿವೆ.

## ಊರಿಗೆ ಗುರುತು ಹೇಗೆ ಹುಟ್ಟುತ್ತದೆ?

ಸಣ್ಣ ಊರುಗಳ ದೊಡ್ಡ ಕಷ್ಟ, ಒಂದನ್ನು ಇನ್ನೊಂದರಿಂದ ಬೇರೆ ಮಾಡಿ ಗುರುತಿಸಲು ಆಗದಿರುವುದು. ಬಸ್ ಸ್ಟ್ಯಾಂಡ್, ಮೊಬೈಲ್ ಅಂಗಡಿ ಸಾಲು, ಅದೇ ಫ್ಲೆಕ್ಸು, ಅದೇ ಬೇಕರಿ. ಹೊರಗಿನವರಿಗೆ ಇಳಿಯಲು ಕಾರಣ ಇಲ್ಲ, ಒಳಗಿನ ಹುಡುಗರಿಗೆ ಉಳಿಯಲು ಕಾರಣ ಇಲ್ಲ. ಗುರುತು ಅಂದರೆ ಆ ಕಾರಣ.

ಇಟಲಿಯ ಬ್ರಾ ಊರಿನಲ್ಲಿ ಸುಮಾರು 30 ಸಾವಿರ ಜನ. ಅದರ ಹೆಸರಲ್ಲೇ ಒಂದು ಚೀಸ್ ಇದೆ. ತಮಾಷೆ ಅಂದರೆ, ಅದನ್ನು ಮೊದಲು ಮಾಡುತ್ತಿದ್ದವರು ಬೆಟ್ಟದ ದನಗಾಹಿಗಳು. ಮಾಗಿಸಿ ಮಾರುತ್ತಿದ್ದವರು ಬ್ರಾ ಊರಿನ ವ್ಯಾಪಾರಿಗಳು. ಹೆಸರು ಮಾತ್ರ ಪೇಟೆಗೆ ಬಂತು. ಸ್ಲೋ ಫುಡ್ ಹುಟ್ಟಿದ ಈ ಊರು 1997ರಿಂದ ಎರಡು ವರ್ಷಕ್ಕೊಮ್ಮೆ ಚೀಸ್ ಜಾತ್ರೆ ನಡೆಸುತ್ತದೆ. ಆ ದಿನಗಳಲ್ಲಿ ಬೀದಿಬೀದಿಗೂ ಮಳಿಗೆ. 2004ರಲ್ಲಿ ಪಕ್ಕದ ಪೊಲ್ಲೆಂಜೊದಲ್ಲಿ, ಹಿಂದೆ ರಾಜಮನೆತನಕ್ಕೆ ಸೇರಿದ್ದ ಕಟ್ಟಡಗಳಲ್ಲಿ ಆಹಾರ ವಿಜ್ಞಾನಕ್ಕೆಂದೇ ಒಂದು ವಿಶ್ವವಿದ್ಯಾಲಯ ಬಂತು. ಜಾತ್ರೆಯ ಜನ ನಾಲ್ಕು ದಿನ ಇದ್ದು ಹೋಗುತ್ತಾರೆ. ವಿದ್ಯಾರ್ಥಿಗಳು ವರ್ಷಗಟ್ಟಲೆ ಇರುತ್ತಾರೆ, ರೂಮು ಬಾಡಿಗೆಗೆ ಹಿಡಿಯುತ್ತಾರೆ, ಊಟ ಮಾಡುತ್ತಾರೆ, ಕ್ಷೌರ ಮಾಡಿಸಿಕೊಳ್ಳುತ್ತಾರೆ. ಹಬ್ಬದಿಂದ ಶುರುವಾದ ಗುರುತು ನಿತ್ಯದ ಆದಾಯವಾಗಿ ನಿಂತದ್ದು ಹೀಗೆ.

ನಮಗೆ ಪರಿಚಯ ಇರುವ ಇನ್ನೊಂದು ವ್ಯವಸ್ಥೆ ಜಿಐ ಟ್ಯಾಗ್, ಅಂದರೆ ಭೌಗೋಳಿಕ ಗುರುತು. ಉಡುಪಿಯ ಮಟ್ಟುಗುಳ್ಳ, ಬ್ಯಾಡಗಿ ಮೆಣಸಿನಕಾಯಿ, ಚನ್ನಪಟ್ಟಣದ ಗೊಂಬೆ, ಧಾರವಾಡ ಪೇಡ ಇದರಲ್ಲಿ ಬರುತ್ತವೆ. ಎರಡೂ ಒಂದೇ ಅಲ್ಲ. ಜಿಐ ಕಾಪಾಡುವುದು ಒಂದು ವಸ್ತುವಿನ ಹೆಸರನ್ನು. ಬೇರೆ ಕಡೆ ಬೆಳೆದ ಬದನೆಯನ್ನು ಮಟ್ಟುಗುಳ್ಳ ಅಂತ ಮಾರುವಂತಿಲ್ಲ. ಆದರೆ ಅದನ್ನು ಬೆಳೆಯುವ ಊರಿನ ರಸ್ತೆ, ಚರಂಡಿ, ಸಂತೆ ಹೇಗಿದೆ ಅಂತ ಜಿಐ ಕೇಳುವುದಿಲ್ಲ. ಚಿತ್ತಾಸ್ಲೋ ಕೇಳುವುದು ಅದನ್ನೇ. ಇನ್ನೊಂದು ವ್ಯತ್ಯಾಸ: ಜಿಐಗೆ ಕಾನೂನಿನ ಬಲ ಇದೆ, ಬಸವನಹುಳಕ್ಕೆ ಅದಿಲ್ಲ. ಅದು ಒಂದು ಸಂಘದ ಸದಸ್ಯತ್ವ, ಅಷ್ಟೇ.

## ಹೆಸರು ಬಂದ ಮೇಲೆ ಬಾಡಿಗೆ

ಈಗ ಕಷ್ಟದ ಭಾಗ. ನಿಧಾನದ ಊರು ಅಂತ ಹೆಸರು ಬಂದರೆ ಜನ ಬರುತ್ತಾರೆ. ಬಂದವರಲ್ಲಿ ಕೆಲವರಿಗೆ ಊರು ಇಷ್ಟವಾಗಿ ಮನೆ ಕೊಳ್ಳುತ್ತಾರೆ. ಕೊಳ್ಳುವವರು ಜಾಸ್ತಿಯಾದರೆ ಜಾಗದ ಬೆಲೆ ಏರುತ್ತದೆ. ಮನೆ ಇದ್ದವನಿಗೆ ಖುಷಿ. ಬಾಡಿಗೆಯಲ್ಲಿ ಇರುವವನಿಗೆ, ಹೊಸದಾಗಿ ಮದುವೆಯಾಗಿ ಮನೆ ಹುಡುಕುವವನಿಗೆ ಏಟು.

ಸೆಫೆರಿಹಿಸಾರ್‌ನಲ್ಲೂ ಇದೇ ಒತ್ತಡ ಕಾಣುತ್ತದೆ. 2009ರ ಸುಮಾರು 30 ಸಾವಿರ ಜನಸಂಖ್ಯೆ ಈಗ 50 ಸಾವಿರ ದಾಟಿದೆ. ಅಂದರೆ, ಚಿತ್ತಾಸ್ಲೋ ಸೇರಲು ಇರುವ ಮಿತಿಯನ್ನು ಆ ಊರೇ ಮೀರಿ ಬೆಳೆದಿದೆ. ದೊಡ್ಡ ನಗರದ ಮಗ್ಗುಲಲ್ಲಿರುವ ಕರಾವಳಿ ಊರಾದ್ದರಿಂದ ಅದು ಹೇಗೂ ಬೆಳೆಯುತ್ತಿತ್ತೋ ಏನೋ. ಎಲ್ಲವನ್ನೂ ಬಸವನಹುಳದ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ 'ಇದು ಪ್ರಶಾಂತ ಊರು' ಅಂತ ಜಗತ್ತಿಗೆಲ್ಲ ಹೇಳಿದರೆ ಪ್ರಶಾಂತಿಯೇ ಮೊದಲು ಖಾಲಿಯಾಗುತ್ತದೆ ಎನ್ನುವುದನ್ನು ತಳ್ಳಿಹಾಕುವಂತಿಲ್ಲ.

ದಕ್ಷಿಣ ಕೊರಿಯಾದ ಜೆಂಗ್ದೊ ದ್ವೀಪದಲ್ಲಿ ಇದರ ಇನ್ನೊಂದು ಮುಖ ನೋಡಬಹುದು. ಅಲ್ಲಿ ದೊಡ್ಡ ಉಪ್ಪಿನ ಗದ್ದೆಗಳಿವೆ. ಕೊರಿಯಾ ಯುದ್ಧದಲ್ಲಿ ನೆಲೆ ಕಳೆದುಕೊಂಡು ಬಂದವರಿಗೆ ಕೆಲಸ ಕೊಡಲು 1953ರಲ್ಲಿ ಮಾಡಿದ್ದು. ಅಂದಿನ ಕಲ್ಲಿನ ಉಗ್ರಾಣ ಈಗ ಉಪ್ಪಿನ ಮ್ಯೂಸಿಯಂ. 2007ರಲ್ಲಿ ಏಷ್ಯಾದಲ್ಲೇ ಮೊದಲು ಮಾನ್ಯತೆ ಪಡೆದ ಕೊರಿಯಾದ ಊರುಗಳಲ್ಲಿ ಇದೂ ಒಂದು. 2010ರಲ್ಲಿ ದ್ವೀಪಕ್ಕೆ ಸೇತುವೆ ಆಯಿತು. ಊರಿನವರಿಗೆ ಅದು ಬೇಕಾಗಿತ್ತು, ಆಸ್ಪತ್ರೆಗೆ ಹೋಗಲು ದೋಣಿ ಕಾಯುವುದು ಯಾರಿಗೆ ಬೇಕು? ಆದರೆ ದೋಣಿ ಇದ್ದಾಗ ಬಂದವರು ರಾತ್ರಿ ತಂಗುವ ಸಾಧ್ಯತೆ ಹೆಚ್ಚು. ಸೇತುವೆ ಬಂದ ಮೇಲೆ ಬೆಳಗ್ಗೆ ಬಸ್ಸಲ್ಲಿ ಬಂದು, ಫೋಟೋ ತೆಗೆದು, ಸಂಜೆಗೆ ವಾಪಸ್ ಹೋಗಬಹುದು. ಹಾಗೆ ಹೋಗುವವನು ಬಿಟ್ಟುಹೋಗುವುದು ಕಸ ಮತ್ತು ಒಂದು ಕಾಫಿಯ ದುಡ್ಡು.

ಹಾಗಾಗಿ ಊರಿಗೆ ಎಷ್ಟು ಜನ ಬಂದರು ಅಂತ ಎಣಿಸುವುದು ದಾರಿ ತಪ್ಪಿಸುವ ಲೆಕ್ಕ. ಎಷ್ಟು ರಾತ್ರಿ ಉಳಿದರು, ಯಾರಿಂದ ಕೊಂಡರು, ಊರಿನ ಬಾಡಿಗೆ ಎಷ್ಟಾಯಿತು ಅಂತ ಕೇಳಿದರೆ ಚಿತ್ರ ಸ್ಪಷ್ಟವಾಗುತ್ತದೆ. ಬಾಡಿಗೆ ತಡೆಯುವ ಅಧಿಕಾರ ಬಹಳಷ್ಟು ಪುರಸಭೆಗಳ ಕೈಯಲ್ಲಿ ಇರುವುದಿಲ್ಲ. ಈ ಮಾದರಿಯ ದೊಡ್ಡ ಬಲಹೀನತೆ ಇದೇ ಅಂತ ನನಗೆ ಅನ್ನಿಸುತ್ತದೆ. ಸಂತೆಗೆ ನಿಯಮ ಮಾಡಬಹುದು, ಮನೆಗೆ ಮಾಡುವುದು ಕಷ್ಟ.

## ಬೋರ್ಡ್ ತೆಗೆದರೂ ನಡೆಯುತ್ತದೆಯೇ?

ಇಂಗ್ಲೆಂಡಿನ ಲಡ್ಲೋ ಸುಮಾರು 10 ಸಾವಿರ ಜನರ ಊರು. ಅಲ್ಲಿನ ವರ್ತಕರು 1995ರಲ್ಲೇ ಊರ ಕೋಟೆಯಲ್ಲಿ ಆಹಾರ ಹಬ್ಬ ಶುರು ಮಾಡಿದ್ದರು. ಸ್ಥಳೀಯ ಮಾಂಸದಂಗಡಿ, ಬೇಕರಿ, ಚೀಸ್ ಮಾಡುವವರಿಗೆ ಅದೇ ವೇದಿಕೆ. 2003ರಲ್ಲಿ ಲಡ್ಲೋ ಬ್ರಿಟನ್ನಿನ ಮೊದಲ ಚಿತ್ತಾಸ್ಲೋ ಊರಾಯಿತು. ಕೆಲವು ವರ್ಷಗಳ ನಂತರ ಒಕ್ಕೂಟದಿಂದ ಹೊರಬಂದಿತು. ಹಬ್ಬ ಮಾತ್ರ ನಿಲ್ಲಲಿಲ್ಲ. ಹಬ್ಬ ಹುಟ್ಟಿದ್ದು ಬೋರ್ಡಿಗಿಂತ ಮೊದಲು, ಅದರ ಬೇರು ಇದ್ದದ್ದು ಊರಿನ ಅಂಗಡಿಯವರಲ್ಲಿ. ಮೇಲಿನಿಂದ ಬಂದ ಯೋಜನೆಯಾಗಿದ್ದರೆ, ಮುಂದಿನ ಚುನಾವಣೆಯಲ್ಲಿ ಮೇಯರ್ ಬದಲಾದಾಗ ಕಡತದ ಜೊತೆ ಅದೂ ಕಪಾಟು ಸೇರುವ ಅಪಾಯ ಇರುತ್ತಿತ್ತು.

ಉಳಿದಿರುವ ಪ್ರಶ್ನೆ, ಇದು ಸಣ್ಣ ಊರಿಗೆ ಮಾತ್ರವೋ ಅನ್ನುವುದು. ಸೆಫೆರಿಹಿಸಾರ್‌ನ ತುಂಚ್ ಸೊಯೆರ್ 2019ರಲ್ಲಿ ಇಜ್ಮಿರ್ ಮಹಾನಗರದ ಮೇಯರ್ ಆದರು. 2021ರಲ್ಲಿ 40 ಲಕ್ಷಕ್ಕೂ ಹೆಚ್ಚು ಜನ ಇರುವ ಆ ನಗರವನ್ನೇ ಚಿತ್ತಾಸ್ಲೋ ತನ್ನ ಮೊದಲ ಮಹಾನಗರ ಪ್ರಯೋಗಕ್ಕೆ ಆರಿಸಿಕೊಂಡಿತು. 50 ಸಾವಿರದ ಮಿತಿ ಹಾಕಿಕೊಂಡ ಸಂಸ್ಥೆಗೆ ಇದು ಸಣ್ಣ ಜಿಗಿತವಲ್ಲ. ಕೋಟೆಯೊಳಗಿನ ಒಂದು ಓಣಿಯಲ್ಲಿ ಯಾರು ತಾವೇ ಮಾಡಿದ್ದನ್ನು ಮಾರುತ್ತಿದ್ದಾರೆ ಅಂತ ಅಕ್ಕಪಕ್ಕದವರಿಗೇ ಗೊತ್ತಿರುತ್ತದೆ, ಸುಳ್ಳು ಹೇಳಿದರೆ ಸಿಕ್ಕಿಬೀಳುತ್ತಾರೆ. ಮಹಾನಗರದಲ್ಲಿ ಆ ಕೆಲಸಕ್ಕೆ ಇನ್‌ಸ್ಪೆಕ್ಟರ್ ಬೇಕಾಗುತ್ತದೆ.